ಕೊನೆಯವನ ಕೈಯ ಕೋಲು

ಇದನ್ನು ಮೊದಲು ಹೇಳಿದವಳು ಕೋಟೆಯ ಬುರುಜಿನಲ್ಲಿ ಮೇಲಿನ ಬಾಗಿಲು ಕಾಯುವ ಹೆಂಗಸು. ಹೇಳಿದ್ದು, ಗಾಳಿ ವಿಪರೀತವಾಗಿ ಯಾರನ್ನೂ ಮೇಲಕ್ಕೆ ಬಿಡದೆ ನಿಲ್ಲಿಸಿದ್ದ ಒಂದು ಮಧ್ಯಾಹ್ನ, ಬುರುಜಿನ ಬುಡದ ಕಲ್ಲುಕೋಣೆಯಲ್ಲಿ. ಇನ್ನೇನು ಗಾಳಿ ಇಳಿದೀತು, ಬಾಗಿಲು ತೆರೆದೀತು ಎಂದು ಬೆಂಚುಗಳ ಮೇಲೆ ಕಾದು ಕುಳಿತಿದ್ದವರು ಕೇಳುಗರು. ಕತೆಯ ನಡುವೆ ಅವರಲ್ಲೊಬ್ಬರು, ಮೆಟ್ಟಿಲ ಕತ್ತಲೆಯಲ್ಲಿ ಒಬ್ಬನೇ ಕೂತ ಗಂಡಸಿನ ಮನಸ್ಸಿನೊಳಗೆ ನಡೆದದ್ದು ನಿನಗೆ ಹೇಗಮ್ಮ ಗೊತ್ತು ಎಂದು ಕೇಳಿದರು. "ಅರ್ಧ ಆಮೇಲೆ ಅವನೇ ಬಂದು ಹೇಳಿದ. ಅವನು ನುಂಗಿಕೊಂಡದ್ದನ್ನ ಅವನ ಹೆಂಡತಿಯ ತಮ್ಮ ಹೇಳಿದ. ಮಿಕ್ಕದ್ದು ನಾನು ಸೇರಿಸಿದೆ, ನನಗೂ ಬಾಯಿ ಕೊಟ್ಟಿದ್ದಾನಲ್ಲ ದೇವರು," ಎಂದಳು. ಅವಳು ಹೇಳಿದ ಕ್ರಮವನ್ನು ಇಲ್ಲಿ ಬದಲಿಸಿಲ್ಲ.

ರಜೆಯ ದಿನ ಬೆಳಿಗ್ಗೆ, ತಿಂಡಿಯ ತಟ್ಟೆಯಿಂದ ತಲೆಯೆತ್ತದೆ, ಕ್ರೇನ್ ನಡೆಸುವವನು "ಸ್ವಲ್ಪ ಕೋಟೆ ಕಡೆ ಹೋಗಿ ಬರ್ತೀನಿ" ಎಂದ. ಹಲವು ದಿನಗಳಿಂದ ನಾಲಿಗೆಯ ಮೇಲೆ ಹೊರಳಿಸಿ ಹೊರಳಿಸಿ, ಯಾವ ಭಾರವೂ ಇಲ್ಲದಂತೆ ನುಣುಪು ಮಾಡಿಟ್ಟುಕೊಂಡಿದ್ದ ಮಾತು ಅದು. ಆದರೂ ಹೊರಗೆ ಬಿದ್ದಾಗ ಸಿಮೆಂಟು ನೆಲಕ್ಕೆ ಸ್ಪಾನರು ಬಿದ್ದಂತೆ ಸದ್ದಾಯಿತು ಎನಿಸಿ ಅವನು ತಟ್ಟೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದ. ಹೆಂಡತಿ ಒಲೆಯನ್ನು ಸಣ್ಣಗೆ ಮಾಡಿ ತಿರುಗಿ ನಿಂತಳು.

"ಕೋಟೆಗಾ? ನೀವಾ? ಮದುವೆಯಾದ ಹೊಸದರಲ್ಲಿ ಒಂದು ಸಲ ಕರ್ಕೊಂಡು ಹೋಗಿ ಅಂತ ನಾನು ಅತ್ತಿದ್ದೆ. ದಿನಾ ಅದರಪ್ಪನಷ್ಟು ಎತ್ತರದಲ್ಲಿ ಕೂತಿರ್ತೀನಿ, ರಜೆ ದಿನಾನೂ ಹತ್ತಬೇಕಾ ಅಂದಿದ್ರಿ."

"ಅದಕ್ಕೇ ಒಬ್ಬನೇ ಹೋಗ್ತೀನಿ ಅಂದದ್ದು."

"ಒಬ್ರೇ ಹೋಗೋಕೆ ಅದೇನು ಕಕ್ಕಸಾ ರೀ?" ಎಂದು ಅವಳು ನಕ್ಕಳು; ನಗುತ್ತಲೇ ಒಳಗೆ ಹೋಗಿ, ಮದುವೆ ಮುಂಜಿಗಳಿಗೆಂದು ಪೆಟ್ಟಿಗೆಯಲ್ಲೇ ಉಳಿದಿದ್ದ ಚಪ್ಪಲಿಯನ್ನು ಹೊರಗೆ ತೆಗೆದಳು. ಅಲ್ಲಿಗೆ ಮುಗಿಯಲಿಲ್ಲ. ಫೋನು ಹಿಡಿದು ತಮ್ಮನಿಗೆ, "ಲೋ, ನಿಮ್ಮ ಭಾವನಿಗೆ ಬುದ್ಧಿ ಬಂದಿದೆ, ಬೇಗ ಬಾ, ಅದು ಮತ್ತೆ ಹೋಗುವಷ್ಟರಲ್ಲಿ ಹತ್ತಿಸಿಬಿಡೋಣ" ಎಂದಳು. ಆ ಕಡೆಯ ನಗು ಕೋಣೆಯ ಈ ಮೂಲೆಗೂ ಕೇಳಿಸಿತು. ಅವನು ಕೈ ತೊಳೆಯುತ್ತ ನಲ್ಲಿಯ ನೀರನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹರಿಯಬಿಟ್ಟ. ಅವನ ಯೋಜನೆ ಸರಳವಾಗಿತ್ತು: ಬುರುಜಿನ ತುದಿಗೆ ಹೋಗಿ, ಗೋಡೆಗೆ ಹೊಟ್ಟೆ ಆನಿಸಿ, ನೆಟ್ಟಗೆ ಕೆಳಗೆ ನೋಡುವುದು. ನೆಲ ಇದ್ದಲ್ಲೇ ಇದ್ದರೆ ತನಗೆ ಏನೂ ಆಗಿಲ್ಲ. ಅವತ್ತಿನದು ಖಾಲಿ ಹೊಟ್ಟೆ, ಇಲ್ಲವೇ ನಿದ್ದೆಗೇಡು. ಸೋಮವಾರ ಎಂದಿನಂತೆ ಹತ್ತಬಹುದು. ನೆಲ ಇದ್ದಲ್ಲಿ ಇರದಿದ್ದರೆ? ಆ ಕಡೆಗೆ ಅವನು ಬಾಗಿಲೇ ಇಟ್ಟಿರಲಿಲ್ಲ. ಹಾಗೆ ನೋಡಲು ಯಾರೂ ಜೊತೆಗಿರಬಾರದಾಗಿತ್ತು. ಅದರಲ್ಲೂ ಈ ಹುಡುಗ, ಹೆಂಡತಿಯ ಈ ತಮ್ಮ, ಇರಲೇಬಾರದಾಗಿತ್ತು.

ಭಾವಮೈದುನನಿಗೆ ಸೈಟಿನಲ್ಲಿ ಗಿಣಿ ಎಂದು ಹೆಸರು. ಕ್ರೇನಿನ ಕೆಳಗೆ ನಿಂತು ಹೊರೆಗೆ ಸರಪಳಿ ಕಟ್ಟುವುದು, ಕೈಸನ್ನೆ ಮಾಡಿ ಅದನ್ನು ಏರಿಸುವುದು, ಇಳಿಸುವುದು ಅವನ ಕೆಲಸ. ಮೇಲಿನ ಕ್ಯಾಬಿನಿನಲ್ಲಿರುವವನಿಗೆ ಕೆಳಗಿನ ಯಾವ ಸದ್ದೂ ಕೇಳದು. ಅವನಿಗೆ ಲೋಕವೆಂದರೆ ಕೆಳಗಿನ ಒಬ್ಬನ ಎರಡು ಕೈ. ಮಾಲೀಕನೇ ಬಂದು ಕೈ ಬೀಸಿದರೂ ಅದನ್ನು ನೋಡಬಾರದೆಂಬುದು ಅವರ ಕೆಲಸದ ಮೊದಲ ಪಾಠ. ಕೇಳುವವರಿಲ್ಲವೆಂದು ಗೊತ್ತಿದ್ದೂ ಗಿಣಿ ಸನ್ನೆಯ ಜೊತೆಗೆ ಬಾಯಿಯನ್ನೂ ಆಡಿಸುತ್ತಲೇ ಇರುತ್ತಿದ್ದ: ಹಾಂ, ಬಾರಪ್ಪ, ಇನ್ನೊಂಚೂರು, ಇನ್ನೊಂಚೂರು, ಹಾಂ ನನ್ನಪ್ಪ, ಸಾಕು. ಮೇಲಿನಿಂದ ಕಾಣುತ್ತಿದ್ದುದು ಹಳದಿ ಹೆಲ್ಮೆಟ್ಟಿನ ಕೆಳಗೆ ಮಿಡುಕುವ ಒಂದು ಗಲ್ಲ ಮಾತ್ರ. ತಾಯಿ ಬೇಗ ತೀರಿಹೋದ ಈ ತಮ್ಮನನ್ನು ಅಕ್ಕನೇ ಕಂಕುಳಲ್ಲಿಟ್ಟು ಬೆಳೆಸಿದವಳು. ಅವನು ಕೆಲಸಕ್ಕೆ ಸೇರುವ ದಿನ ಗಂಡನಿಗೆ ಅವಳು ಹೇಳಿದ್ದು ಒಂದೇ ಮಾತು: "ನಿಮ್ಮ ಕಣ್ಣ ಕೆಳಗೇ ಇರಲಿ." ಇದ್ದ. ದಿನವೂ ಇದ್ದ. ಕಣ್ಣ ಕೆಳಗೆ, ಕೊಕ್ಕೆಯ ಕೆಳಗೆ.

ಹಳೆಯ ಊರಿನ ಓಣಿಗಳು ಕೋಟೆಯ ಕಡೆಗೆ ಏರುತ್ತ ಹೋದಂತೆ ಕಿರಿದಾಗುತ್ತಿದ್ದವು. ಎರಡೂ ಕಡೆಯ ಮನೆಗಳ ಕಿಟಕಿಗಳು ಒಂದರ ಬಾಯಿಗೆ ಇನ್ನೊಂದು ಕಿವಿ ಕೊಟ್ಟಂತಿದ್ದವು. ಒಂದು ಮಹಡಿಯಿಂದ ಯಾರೋ ಚಾಪೆ ಕೊಡವಿದರು, ಧೂಳು ಬಿಸಿಲಿನಲ್ಲಿ ನಿಧಾನವಾಗಿ ಇಳಿಯಿತು, ಅವನು ತಟ್ಟನೆ ಪಕ್ಕಕ್ಕೆ ಸರಿದ. "ಚಾಪೆ ಭಾವ, ತೊಲೆ ಅಲ್ಲ," ಎಂದು ಗಿಣಿ ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನು ಹುಡುಗನ ಮುಖ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ಇಲ್ಲವೇ ಎಲ್ಲವೂ ಇತ್ತು, ಓದುವುದು ತನಗೆ ಬರುತ್ತಿರಲಿಲ್ಲ. ಮೇಲಿನಿಂದ ಎಂದೂ ಆ ಮುಖ ಕಂಡಿದ್ದೇ ಇಲ್ಲ. ಕೈಗಳು ಗೊತ್ತು. ಹೋದ ವಾರ ಆ ಎರಡು ಕೈಗಳು ಕಣ್ಣೆದುರೇ ನಾಲ್ಕಾದವು, ನೆಲ ತಟ್ಟೆಯಂತೆ ಒಂದು ಬದಿಗೆ ವಾಲಿ ಮೇಲೆ ಬಂತು, ಹಿಡಿಕೆಯ ಮೇಲಿನ ಅಂಗೈ ಯಾರದೋ ಅಂಗೈ ಆಯಿತು. ಕಬ್ಬಿಣದ ಸರಳುಗಳ ಇಡೀ ಕಟ್ಟು ಓಲಾಡುತ್ತ ಹೊರಟು ಹಳದಿ ಹೆಲ್ಮೆಟ್ಟನ್ನು ಮುಚ್ಚಿತು. ಮುಚ್ಚಿ, ಆಮೇಲೆ ಆಚೆಗೆ ಸರಿದು ಅದನ್ನು ಮತ್ತೆ ತೋರಿಸಿತು. ಹೆಲ್ಮೆಟ್ಟು ಕುಕ್ಕರಿಸಿ ಕೂತಿತ್ತು, ಎದ್ದಿತು, ಎರಡು ಕೈ ಮತ್ತೆ ಮೇಲೆದ್ದು 'ನಿಲ್ಲಿಸು' ಎಂದವು. ಕ್ಯಾಬಿನಿನಲ್ಲಿ ಗಾಳಿ ಅಳೆಯುವ ಮುಳ್ಳು ಸತ್ತಂತೆ ಮಲಗಿತ್ತು. ಸಂಜೆ ಅವನು ಏಣಿ ಇಳಿದು ಬರುವಷ್ಟರಲ್ಲಿ ಕೆಳಗೆ ತೀರ್ಪು ಆಗಿಹೋಗಿತ್ತು. ಗಾಳಿ ಕಣ್ರೋ, ಗಾಳಿ, ಮೇಲಿನವನು ನನ್ನ ಜೊತೆ ಉಯ್ಯಾಲೆ ಆಡಿದ ಎಂದು ಗಿಣಿ ಎಲ್ಲರನ್ನೂ ನಗಿಸಿಬಿಟ್ಟಿದ್ದ. ಮೇಲಿನವನು ಎಂಬುದು ಸೈಟಿನಲ್ಲಿ ಕ್ರೇನಿನವನಿಗೇ ಇಟ್ಟ ಹೆಸರು. ಏನಾದರೂ ತಪ್ಪಿದರೆ, ಮೇಲಿನವನು ನೋಡಿಕೊಳ್ತಾನೆ ಬಿಡು ಎಂದು ಅವರೆಲ್ಲ ಆಕಾಶಕ್ಕೆ ಕೈ ತೋರಿಸುವುದು ಹಳೆಯ ತಮಾಷೆ. ಮೇಸ್ತ್ರಿ ಬೆನ್ನು ತಟ್ಟಿ, "ಅಂಥ ಗಾಳೀಲಿ ಹಿಡಿದು ನಿಲ್ಲಿಸಿದೆಯಲ್ಲ ಮಾರಾಯ, ಬೇರೆಯವನಾಗಿದ್ರೆ ಹೆಣ ಬೀಳ್ತಿತ್ತು" ಎಂದ. ಅವನು "ಹೂಂ" ಎಂದ. ಸುಳ್ಳು ಹೇಳಿದವನು ತಾನಲ್ಲ. ತಾನು ಅಂದದ್ದು ಒಂದು ಹೂಂ. ಅಂದಿನಿಂದ ಅದು ಗಂಟಲಿನಲ್ಲಿ ಬಿಸಿ ತುಪ್ಪದಂತೆ ಇತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮರುದಿನ ಹತ್ತಿದ. ಅದರ ಮರುದಿನವೂ ಹತ್ತಿದ. ಹೊರೆಯನ್ನು ಬಸವನಹುಳುವಿನಂತೆ ನಡೆಸಿದ. ಕೆಳಗೆ ಅದೇ ಎರಡು ಕೈ.

ಬುರುಜಿನ ಬುಡದಲ್ಲಿ ಕೆಳಗಿನ ಬಾಗಿಲಿನ ಮುದುಕ ಜನರನ್ನು ಸಾಲಾಗಿ ನಿಲ್ಲಿಸಿದ್ದ. ಒಳಗಿನ ಸುರುಳಿ ಮೆಟ್ಟಿಲು ಒಂದು ಆಳಿನಷ್ಟೇ ಅಗಲ. ಹತ್ತುವವರೂ ಇಳಿಯುವವರೂ ನಡುವೆ ಎದುರಾದರೆ ಯಾರಿಗೂ ಸರಿಯಲು ಜಾಗವಿಲ್ಲ. ಅದಕ್ಕಾಗಿ ಒಂದು ಏರ್ಪಾಡು ಇತ್ತು. ಮುದುಕ ಮೊಳದುದ್ದದ, ಕೆಂಪು ಬಣ್ಣದ, ಹಿಡಿದು ಹಿಡಿದು ನಡುವೆ ಬಣ್ಣ ಹೋಗಿ ಹೊಳೆಯುತ್ತಿದ್ದ ಮರದ ಕೋಲನ್ನು ಎತ್ತಿ ತೋರಿಸಿದ.

"ಎಲ್ಲರಿಗಿಂತ ಕೊನೇಲಿ ಹತ್ತೋರ ಕೈಲಿ ಇದು ಇರುತ್ತೆ. ಮೇಲೆ ನಮ್ಮ ಹೆಂಗಸಿದ್ದಾಳೆ, ಅವಳ ಕೈಗೇ ಕೊಡಬೇಕು. ಕೋಲು ಬಂತು ಅಂದ್ರೆ ಮೆಟ್ಟಿಲ ಮೇಲೆ ಯಾರೂ ಇಲ್ಲ ಅಂತ ಅರ್ಥ. ಆಗ ಅವಳು ಇಳಿಯೋರನ್ನ ಬಿಡ್ತಾಳೆ. ಇನ್ನೊಬ್ಬರ ಕೈಲಿ ಕಳಿಸಬೇಡಿ. ಕಿಂಡೀಲಿ ಮರೆತು ಬರಬೇಡಿ. ಬೆನ್ನು ಕೆರ್ಕೋಬೇಡಿ." ಸಾಲಿನ ಮೇಲೆಲ್ಲ ಕಣ್ಣಾಡಿಸಿ ಅವನು ಕ್ರೇನಿನವನ ಮುಂದೆ ನಿಂತ. "ನೋಡಿದರೆ ನೀವೇ ಜವಾಬ್ದಾರಿ ಮನುಷ್ಯನ ಹಾಗಿದ್ದೀರಿ. ಹಿಡೀರಿ."

"ಸರಿಯಾದ ಕೈಗೇ ಕೊಟ್ಟಿರಿ ತಾತ," ಎಂದ ಗಿಣಿ. ಅಕ್ಕ ಹೆಮ್ಮೆಯಿಂದ ಸುತ್ತ ನೋಡಿದಳು.

ಮೊದಲ ಸುತ್ತುಗಳು ಹಗುರವಾಗಿಯೇ ಕಳೆದವು. ಮುಂದೆ ಹೆಂಡತಿಯ ಚಪ್ಪಲಿಯ ಸದ್ದು, ಅದರ ಹಿಂದೆ ಗಿಣಿಯ ಮಾತು, ಗೋಡೆಗೆ ಬಿಗಿದ ಹಗ್ಗದ ಒರಟು, ನೂರಾರು ವರ್ಷ ಕಾಲು ತಾಗಿ ನಡುವೆ ತಗ್ಗಾದ ಕಲ್ಲು. ಇಲ್ಲಿ ಆಕಾಶವೇ ಇರಲಿಲ್ಲ. ಕಲ್ಲಿನ ಹೊಟ್ಟೆಯೊಳಗೆ ಹತ್ತುವವನಿಗೆ ಎತ್ತರ ಎಲ್ಲಿಯದು? ತನಗೆ ಏನೂ ಆಗಿಲ್ಲ ಎಂದು ಅವನಿಗೆ ಅನಿಸತೊಡಗಿತು; ಅನಿಸಿದ್ದೇ ಮೈಯಲ್ಲಿ ಒಂದು ಹುರುಪು ಬಂತು; ಕೋಲನ್ನು ಅಂಗೈಯಲ್ಲಿ ತಿರುಗಿಸಿ ಹಿಡಿದ. ಸೋಮವಾರ ಬೆಳಿಗ್ಗೆ ಏಣಿಯ ಬುಡದಲ್ಲಿ ನಿಂತು ಮೇಸ್ತ್ರಿಗೆ ಏನಾದರೊಂದು ತಮಾಷೆ ಹೇಳಬೇಕು ಎಂದುಕೊಂಡ. ಇಷ್ಟು ದಿನ ಗಿಣಿಯ ಜೊತೆ ಸರಿಯಾಗಿ ಮಾತಾಡಿಲ್ಲ, ಮಾತಾಡಬೇಕು. ಹಾಗೆ ಅಂದುಕೊಳ್ಳುತ್ತ ಒಂದು ತಿರುವು ದಾಟಿದ್ದೇ ಎಡಗಡೆ ಗೋಡೆ ಇರಲಿಲ್ಲ. ಮೊಣಕಾಲಿನಿಂದ ತಲೆಯವರೆಗೆ ಒಂದು ಉದ್ದ ಕಿಂಡಿ. ಕಿಂಡಿಯ ತುಂಬ ಊರು. ಹಂಚಿನ ಮಾಡುಗಳು ಒಂದರ ಮೇಲೊಂದು ಬಿದ್ದು ನದಿಯವರೆಗೆ ಜಾರಿದ್ದವು. ನದಿಯಾಚೆ ಹೊಸ ಕಟ್ಟಡದ ಬೂದು ಎಲುಬು. ಅದರ ಪಕ್ಕದಲ್ಲಿ, ಇಲ್ಲಿಂದ ಬೆಂಕಿಕಡ್ಡಿಯಷ್ಟು, ಅವನ ಕ್ರೇನು. ಅದರ ತೋಳು ನಿಧಾನವಾಗಿ ತಿರುಗುತ್ತಿತ್ತು. ರಜೆಯ ದಿನ ತೋಳನ್ನು ಬಿಗಿಯದೆ ಬಿಟ್ಟಿರುತ್ತಾರೆ, ಗಾಳಿ ಬಂದ ಕಡೆ ಅದು ತಾನೇ ತಿರುಗುತ್ತದೆ. ಹಿಂದಿನ ದಿನ ಸಂಜೆ ಹಾಗೆ ಬಿಟ್ಟು ಬಂದವನು ತಾನೇ. ಗೊತ್ತಿತ್ತು. ಗೊತ್ತಿದ್ದೂ, ಖಾಲಿ ಕ್ಯಾಬಿನಿನಲ್ಲಿ ಯಾರೋ ಕೂತಿದ್ದಾರೆ, ಕೂತವನಿಗೆ ಕಣ್ಣು ಕಾಣುತ್ತಿಲ್ಲ, ಕೆಳಗೆ ಯಾರೋ ಕೈ ಎತ್ತಿ ನಿಂತಿದ್ದಾರೆ ಎಂದು ಎದೆ ಝಲ್ಲೆಂದಿತು. ಮಾಡುಗಳೆಲ್ಲ ಒಮ್ಮೆಲೆ ನದಿಯ ಕಡೆಯಿಂದ ಎದ್ದು ಕಿಂಡಿಯತ್ತ ಬಂದವು. ಅವನು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೂ ಅವು ಬರುತ್ತಲೇ ಇದ್ದವು. ಕಿಂಡಿ ದಾಟಿ ಇನ್ನೊಂದು ಸುತ್ತನ್ನು ಕೈಕಾಲುಗಳ ಮೇಲೆ ಏರಿ, ಕತ್ತಲಿರುವಲ್ಲಿ ಕಲ್ಲಿಗೆ ಬೆನ್ನು ಕೊಟ್ಟು ಕುಳಿತ. ಮೇಲಕ್ಕೆ ಒಂದು ಕಾಲು ಇಡಲಾರ. ಕೆಳಗೆ ಹೋಗಬೇಕೆಂದರೆ ಆ ಕಿಂಡಿ ಇತ್ತು.

ಆಗ ಇಡೀ ಬುರುಜು ಅವನಿಗಾಗಿ ನಿಂತಿತು. ಮೇಲೆ ಇಳಿಯಲು ಸಿದ್ಧರಾದವರು ಬಾಗಿಲ ಬಳಿ ಗುಂಪುಗೂಡಿದ್ದರು. ಕೆಳಗೆ ಮುದುಕ ಮುಂದಿನ ಸಾಲನ್ನು ತಡೆದಿದ್ದ. ನಡುವೆ ಕೋಲು ಅವನ ತೊಡೆಯ ಮೇಲೆ. ಸುರುಳಿ ಮೆಟ್ಟಿಲು ಮಾತುಗಳನ್ನು ಶಂಖದಂತೆ ಇಳಿಸಿ ತರುತ್ತಿತ್ತು. ಕೋಲು ಎಲ್ಲಿ ರೀ? ಕೊನೆಯವರು ಯಾರು? ಮಲಗಿಬಿಟ್ಟರೇನೋ. ಯಾರಾದರೂ ಒಂದು ದಿಂಬು ಕಳಿಸಿ. ನಗು. ನಗುವಿನ ನಡುವೆ ಅವನ ಹೆಂಡತಿಯ ದನಿ: "ನಮ್ಮನೆಯವರು ರೀ, ಎಲ್ಲಾ ನಿಧಾನವಾಗಿ ನೋಡ್ಕೊಂಡು ಬರ್ತಾರೆ, ಅವರಿಗೆ ಕಟ್ಟಡ ಅಂದ್ರೆ ಗೊತ್ತು." ಅವಳು ಅವನ ಮಾನವನ್ನು ಹೊದಿಕೆಯಂತೆ ಎಳೆದು ಎಳೆದು ಮುಚ್ಚುತ್ತಿದ್ದಳು, ಅವನ ಕಾಲು ಹೊರಗೇ ಉಳಿಯುತ್ತಿತ್ತು. ಬೆವರು ಕಿವಿಯ ಹಿಂದೆ ಇಳಿಯಿತು. ಒಮ್ಮೆ ಸಣ್ಣವನಾಗಿದ್ದಾಗ ತರಗತಿಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು, ಎಲ್ಲರೂ ಹೊರಗೆ ಹೋಗುವವರೆಗೆ ಬೆಂಚಿನಿಂದ ಏಳದೆ ಕೂತಿದ್ದ. ಆ ದಿನದ ಮರದ ತಣ್ಣನೆಯ ಒದ್ದೆ ಈಗ ಕಲ್ಲಿನಲ್ಲಿ ಇತ್ತು. ಎಲ್ಲರೂ ಒಮ್ಮೆ ಹೊರಟುಹೋದರೆ ಸಾಕು. ಆಮೇಲೆ ಏಳಬಹುದು.

ಗಿಣಿ ಇಳಿದು ಬಂದ. ತಿರುವಿನ ಮೇಲೆ ಅವನ ಕಾಲುಗಳಷ್ಟೇ ಕಂಡವು.

"ಭಾವ, ಏನಾಯ್ತು? ಮೇಲೆ ಆ ಹೆಂಗಸು ಕೋಲು ಕೋಲು ಅಂತ ಬಡ್ಕೋತಿದ್ದಾಳೆ."

"ಹೊಟ್ಟೆ ಸರಿಯಿಲ್ಲ ಕಣೋ. ನಾನು ಹಿಂದಕ್ಕೆ ಇಳಿದುಬಿಡ್ತೀನಿ. ಇದನ್ನ ನೀನೇ ಕೊಟ್ಟುಬಿಡು."

"ಅಕ್ಕ ಕಾಯ್ತಿದ್ದಾಳೆ."

"ಆಗಲೇ ಇಳಿದುಹೋದ ಅಂತ ಹೇಳು. ಹಿಂದೆ ಯಾರೂ ಇಲ್ಲ ಅನ್ನು."

ಗಿಣಿ ಮಾತಾಡಲಿಲ್ಲ. ಅವನು ಮಾತಾಡದೆ ಇದ್ದದ್ದನ್ನು ಕ್ರೇನಿನವನು ಅದುವರೆಗೆ ಕಂಡಿರಲಿಲ್ಲ. ಒಂದು ಕೈ ಕತ್ತಲಲ್ಲಿ ಕೆಳಗೆ ಚಾಚಿತು, ಗಾಳಿಯಲ್ಲಿ ಒಂದು ಕ್ಷಣ ತಡೆಯಿತು, ಕೋಲನ್ನು ತೆಗೆದುಕೊಂಡಿತು. ಹೆಜ್ಜೆಗಳು ಮೇಲಕ್ಕೆ ಹೋದವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಅವನು ಉಸಿರು ಬಿಟ್ಟ. ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ತಾನು ಏನು ಮಾಡಿದೆ ಎಂದು ತಿಳಿಯಿತು. ಹೊರೆಯ ಕೆಳಗೆ ಮನುಷ್ಯನಿರುವಾಗ 'ಖಾಲಿ ಇದೆ, ಇಳಿಸು' ಎಂದು ಸನ್ನೆ ಮಾಡಿಸಿದ್ದ. ಲೋಕದಲ್ಲಿ ಬೇರೆ ಯಾರು ಈ ತಪ್ಪು ಮಾಡಿದರೂ ಅದಕ್ಕೆ ಕ್ಷಮೆಯಿತ್ತು. ಇದೊಂದನ್ನು ಮಾಡದಿರುವುದಕ್ಕೇ ಅವರಿಬ್ಬರಿಗೂ ಸಂಬಳ ಬರುತ್ತಿದ್ದುದು. ಏಳಬೇಕು ಎಂದುಕೊಂಡ. ಕಾಲು ಅವನದಾಗಿರಲಿಲ್ಲ. ಮೇಲೆ ಕಬ್ಬಿಣದ ಅಗುಳಿ ಸರಿಯಿತು. "ಹಿಂದೆ ಯಾರೂ ಇಲ್ಲ ತಾನೇ?" ಎಂದು ಹೆಂಗಸಿನ ದನಿ. "ಯಾರೂ ಇಲ್ಲ," ಎಂದ ಗಿಣಿ.

ಅವರು ಬಂದರು. ಮೊದಲು ಸದ್ದು, ಆಮೇಲೆ ಮೆಟ್ಟಿಲುಗಳ ಕಂಪನ, ಆಮೇಲೆ ಬೆಳಕನ್ನು ಮುಚ್ಚಿದ ಒಂದು ನೆರಳು. ಕೂಗಬೇಕೆಂದು ಬಾಯಿ ತೆರೆದ. ಬಾಯೊಳಗೆ ಆ ಹಳೆಯ ಹೂಂ ಅಲ್ಲದೆ ಬೇರೇನೂ ಇರಲಿಲ್ಲ. ಎಲ್ಲರಿಗಿಂತ ಮುಂದೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡ ಒಬ್ಬ ತಾಯಿ. ಅವಳ ಪಾದ ಅವನ ಹೆಗಲಿಗೆ ತಗುಲಿತು. ಅವಳು ಮುಗ್ಗರಿಸಿ ಹಗ್ಗ ಹಿಡಿದಳು, ಮಗು ಜಾರಿತು, ಜಾರಿದ ಮಗುವಿನ ಕಾಲು ಅವನ ಮುಖಕ್ಕೆ ಬಡಿಯಿತು, ಅವನು ಎರಡೂ ಕೈಯಿಂದ ಏನು ಸಿಕ್ಕಿತೋ ಅದನ್ನು ಅಪ್ಪಿಹಿಡಿದ. ಒಂದು ಪುಟ್ಟ ಶೂ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತ ಕೆಳಗೆ ಹೋಯಿತು. ಹಿಂದಿನಿಂದ, ಏನೂ ತಿಳಿಯದವರು, "ನಡೀರಿ ರೀ, ನಡೀರಿ" ಎಂದು ಒತ್ತುತ್ತಿದ್ದರು. ತಾಯಿ ಕಿರಿಚಿದಳು. ಅವಳ ಭಾರ, ಅವಳ ಹಿಂದಿನವನ ಭಾರ, ಅವನ ಹಿಂದಿನ ಎಲ್ಲರ ಭಾರ ಒಂದಾಗಿ, ಕತ್ತಲೆಯಲ್ಲಿ, ಅವನ ತಲೆಯ ಮೇಲೆ ತೂಗಿ ನಿಂತಿತು. ಇದು ಹೀಗಿರುತ್ತದೆ ಎಂದುಕೊಂಡ. ಕೆಳಗಿನಿಂದ ನೋಡಿದರೆ ಇದು ಹೀಗಿರುತ್ತದೆ.

"ನಿಲ್ಲೀ! ಎಲ್ಲರೂ ನಿಲ್ಲೀ! ಕೆಳಗೆ ಮನುಷ್ಯ ಇದ್ದಾನೆ!"

ಗಿಣಿಯ ದನಿ. ಇಷ್ಟು ವರ್ಷ ಕೆಳಗೆ ಮಿಡುಕುವುದನ್ನು ಮಾತ್ರ ಕಂಡಿದ್ದ ಆ ಬಾಯಿಗೆ ಇಂಥ ದನಿ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಭಾರ ನಿಂತಿತು. ಮೇಲಿನ ಹೆಂಗಸು ಒಬ್ಬೊಬ್ಬರನ್ನೇ ಬೈದು, ರಟ್ಟೆ ಹಿಡಿದು, ಹಿಂದಕ್ಕೆ ಹತ್ತಿಸಿಕೊಂಡಳು. ತಾಯಿ ಅವನ ತೋಳುಗಳಿಂದ ಮಗುವನ್ನು ಕಿತ್ತುಕೊಂಡು ಹೋದಳು. ಕೊನೆಗೆ ಗಿಣಿ ಬಂದು, ಅವನಿಗಿಂತ ಒಂದು ಮೆಟ್ಟಿಲು ಮೇಲೆ, ಮೊಣಕಾಲು ಮಡಚಿ ಕುಳಿತ.

"ಏಟಾಯ್ತಾ ಭಾವ?"

"ಮಗು?"

"ಅಳ್ತಿದೆ. ಅಳ್ತಿದೆ ಅಂದ್ರೆ ಚೆನ್ನಾಗಿದೆ."

ಮೇಲಿನಿಂದ ಅಳು ಇಳಿದು ಬರುತ್ತಲೇ ಇತ್ತು.

"ಅವತ್ತು ಗಾಳಿ ಇರಲಿಲ್ಲ ಕಣೋ," ಎಂದ ಕ್ರೇನಿನವನು. ಎದುರಿನ ಕಲ್ಲಿಗೆ ಹೇಳಿದ.

"ಗೊತ್ತು."

"ಏನು ಗೊತ್ತು ನಿನಗೆ?"

"ಪಕ್ಕದಲ್ಲಿ ಮೇಸ್ತ್ರಿ ಸಿಗರೇಟು ಸೇದ್ತಿದ್ದ. ಹೊಗೆ ನೆಟ್ಟಗೆ ಮೇಲಕ್ಕೆ ಹೋಗ್ತಿತ್ತು."

"ಮತ್ತೆ ಗಾಳಿ ಅಂತ ಯಾಕಂದೆ?"

"ಬಾಯಿಗೆ ಬಂತು ಅಂದೆ. ಗಿಣಿ ತಾನೇ. ಆಮೇಲೆ ನೀವು ಇಳಿದು ಬಂದು ಹೂಂ ಅಂದ್ರಿ. ಸರಿ, ಹಾಗೇ ಇರಲಿ ಅಂತ ಸುಮ್ಮನಾದೆ."

"ಗೊತ್ತಿದ್ದೂ ದಿನಾ ಕೆಳಗೆ ನಿಂತೆಯಲ್ಲೋ."

"ಮತ್ತೆ ಯಾರನ್ನ ನಿಲ್ಲಿಸಲಿ ಭಾವ? ಬೇರೆಯವರ ಮಕ್ಕಳನ್ನ ನಿಲ್ಲಿಸಲಾ?"

ಅದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಕೆಲಸದ ಮಾತಿನಂತೆ, ಸರಪಳಿ ಚಿಕ್ಕದಾಯಿತು ಬೇರೆ ತರಬೇಕು ಎನ್ನುವಂತೆ ಹೇಳಿದ. ಕ್ರೇನಿನವನಿಗೆ ಆ ದಿನಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ತಾನು ಮೇಲೆ ಹಲ್ಲು ಕಚ್ಚಿ, ಗುಟ್ಟು ಕಾಯುತ್ತ, ಹೊರೆಯನ್ನು ಇಂಚಿಂಚಾಗಿ ಇಳಿಸಿದ ದಿನಗಳು. ಅಷ್ಟು ಹೊತ್ತೂ ಕೆಳಗೆ ಒಬ್ಬ ತಲೆಯೆತ್ತಿ, ಈ ಸಲ ಬೀಳುತ್ತದೆಯೋ ಎಂದು ನೋಡುತ್ತ, ಬಾ ನನ್ನಪ್ಪ ಬಾ ಎನ್ನುತ್ತಿದ್ದ. ತನ್ನ ಗುಟ್ಟನ್ನು ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ. ಹೊತ್ತವನು ಬೇರೆಯವನು. ತಾನು ತೂಗುಹಾಕಿದವನು.

"ಸೋಮವಾರಾನೂ ನಿಲ್ತೀನಿ," ಎಂದ ಗಿಣಿ, ಉಗುರಿನಿಂದ ಕಲ್ಲನ್ನು ಕೆರೆಯುತ್ತ. "ನೀವು ಹೇಳಬೇಡ ಅಂದ್ರೆ ಯಾರಿಗೂ ಹೇಳಲ್ಲ. ಅಕ್ಕನಿಗೂ ಹೇಳಲ್ಲ. ಆದರೆ ಭಾವ, ನನಗೆ ರಾತ್ರಿ ನಿದ್ದೆ ಬರ್ತಿಲ್ಲ."

ಮೇಲಕ್ಕೆ ಉಳಿದಿದ್ದ ಸುತ್ತುಗಳನ್ನು ಕ್ರೇನಿನವನು ಕೂತೇ ಹತ್ತಿದ, ಎಳೆಯ ಮಕ್ಕಳು ಮೆಟ್ಟಿಲು ಕಲಿಯುವಾಗ ಹತ್ತುವಂತೆ, ಹಿಮ್ಮುಖವಾಗಿ, ಒಂದೊಂದು ಕಲ್ಲಿಗೂ ಕುಂಡೆಯೂರಿ. ಬಾಗಿಲಲ್ಲಿ ಬೆಳಕು ಕಣ್ಣಿಗೆ ರಾಚಿತು. ಜನರೆಲ್ಲ ಊರಿಗೆ ಬೆನ್ನು ಹಾಕಿ ಅವನನ್ನು ನೋಡುತ್ತಿದ್ದರು. ದುಡ್ಡು ಕೊಟ್ಟು ಹತ್ತಿ ಬಂದದ್ದು ಇದನ್ನು ನೋಡಲೆಂಬಂತೆ. ಮಗುವಿನ ಒಂದು ಕಾಲು ಬರಿದಾಗಿತ್ತು. ಅವನು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಂತ.

"ಹಿಂದೆ ಯಾರೂ ಇಲ್ಲ ಅಂದವರು ಯಾರು?" ಎಂದಳು ಬಾಗಿಲಿನ ಹೆಂಗಸು, ಕೋಲನ್ನು ಎತ್ತಿ. "ಇದು ಆಟದ ಸಾಮಾನಾ? ಆ ಕೂಸು ಉರುಳಿ ಹೋಗಿದ್ರೆ?"

"ನಾನು," ಎಂದ ಗಿಣಿ.

"ಹೇಳಿಸಿದ್ದು ನಾನು," ಎಂದ ಕ್ರೇನಿನವನು.

ಹೆಂಡತಿ ಗುಂಪಿನಿಂದ ಬಿಡಿಸಿಕೊಂಡು ಬಂದಳು. ಅವನ ಅಂಗಿಯ ಧೂಳು, ಕೆನ್ನೆಯ ಗೀರು ಎಲ್ಲವನ್ನೂ ಒಂದೇ ಸಲಕ್ಕೆ ನೋಡಿದಳು. "ಏನ್ರೀ ಇದು? ಏನಾಯ್ತು?"

"ಏನಿಲ್ಲ ಅಕ್ಕ, ಬೆಳಿಗ್ಗೆ ತಿಂದದ್ದು ಹೊಟ್ಟೇಲಿ..." ಎಂದು ಗಿಣಿ ಶುರುಮಾಡಿದ. ಎಷ್ಟು ಬೇಗ ಬರುತ್ತದೆ ಇವನಿಗೆ ಎಂದುಕೊಂಡ ಕ್ರೇನಿನವನು; ತನಗೆ ಎಷ್ಟು ಸುಲಭ. ಸುಮ್ಮನಿದ್ದರೆ ಸಾಕು. ಒಂದು ಹೂಂ ಕೂಡ ಬೇಡ. ಅವಳು ಆಗಲೇ ಅರ್ಧ ನಂಬಿದ್ದಳು, ಅವಳ ಮುಖ ಸಡಿಲವಾಗುತ್ತಿತ್ತು, ಅಯ್ಯೋ ಹಿಟ್ಟು ಹುಳಿಬಂದಿತ್ತೇನೋ ಎಂದು ತನ್ನ ಮೇಲೆ ಹಾಕಿಕೊಳ್ಳಲು ಅವಳು ಸಿದ್ಧಳಾಗುತ್ತಿದ್ದಳು.

"ಸುಮ್ನಿರೋ," ಎಂದ. ಗಿಣಿ ಬಾಯಿ ಮುಚ್ಚಿದ. "ನನಗೆ ಮೇಲೆ ಹೋದ್ರೆ ತಲೆ ತಿರುಗುತ್ತೆ. ಕೆಳಗೆ ನೋಡೋಕೆ ಆಗಲ್ಲ. ಹೋದ ವಾರ ಹೊರೆ ಕೈ ತಪ್ಪಿತು. ನಿನ್ನ ತಮ್ಮ ಅದರ ಕೆಳಗಿದ್ದ. ಒಂದು ಗೇಣಲ್ಲಿ ಉಳಕೊಂಡ. ಯಾರಿಗೂ ಹೇಳಲಿಲ್ಲ. ಮಾರನೆ ದಿನ ಮತ್ತೆ ಹತ್ತಿದೆ."

ಜನರೆಲ್ಲ ಕೇಳುತ್ತಿದ್ದರು. ಅವಳು ಕೇಳಿದ್ದು ಒಂದನ್ನೇ, ಅದೂ ತಮ್ಮನನ್ನು: "ನಿನಗೆ ಗೊತ್ತಿತ್ತಾ?" ಗಿಣಿ ತಲೆ ತಗ್ಗಿಸಿದ. ಅವಳು ಅವನ ಬೆನ್ನಿಗೆ ಬಾರಿಸಿದಳು; ಒಂದಲ್ಲ, ಕೈ ನೋಯುವವರೆಗೆ, ಚಿಕ್ಕಂದಿನಲ್ಲಿ ಬಾವಿಯ ಕಟ್ಟೆ ಹತ್ತಿದ್ದಕ್ಕೆ ಹೊಡೆದಂತೆ. ಅವನು ದೊಡ್ಡ ಗಂಡಸು, ಬಗ್ಗಿ ನಿಂತು ಹೊಡೆಸಿಕೊಂಡ. ಆಮೇಲೆ ಅವಳು ಗಂಡನ ಕಡೆ ತಿರುಗಿದಳು. ಹೊಡೆದಾಳು ಎಂದು ಅವನು ಕಾದ. ಹೊಡೆದರೆ ಚೆನ್ನ ಎಂದು ಆಸೆಪಟ್ಟ. ಅವಳು ಅವನನ್ನು ಮುಟ್ಟಲಿಲ್ಲ. ಅಷ್ಟು ವರ್ಷ ನೋಡಬೇಕೆಂದಿದ್ದ ಊರಿನ ಕಡೆಗೂ ತಿರುಗಲಿಲ್ಲ. ಬಾಗಿಲಿನ ಹೆಂಗಸಿಗೆ, "ಇವರನ್ನ ಈಗ ಇಳಿಸೋದು ಹೇಗಮ್ಮ?" ಎಂದಳು.

ಇಳಿಸಿದ್ದು ಹೀಗೆ. ಗಿಣಿ ಮುಂದೆ, ಮುಖ ಮೇಲಕ್ಕೆ ಮಾಡಿ, ಹಿಮ್ಮುಖವಾಗಿ ಇಳಿದ. ಕೈ ಎತ್ತಿ ತೋರಿಸುತ್ತ, ಬಾಯಿಯಲ್ಲೂ ಹೇಳುತ್ತ: ಹಾಂ ಭಾವ, ಎಡಗಾಲು, ಇನ್ನೊಂಚೂರು, ಹಾಂ, ಬಿಡಿ, ನನ್ನನ್ನ ನೋಡಿ, ಕಿಂಡಿ ಬಂತು, ಕಿಂಡಿ ನೋಡಬೇಡಿ, ನನ್ನನ್ನೇ ನೋಡಿ. ಮೊದಲ ಸಲ ಅವನಿಗೆ ಕೈಗಳ ಜೊತೆ ಮುಖವೂ ಕಂಡಿತು. ಕಣ್ಣ ಕೆಳಗೆ ಕಪ್ಪಾಗಿತ್ತು, ನಿದ್ದೆಗೆಟ್ಟ ಮುಖ. ಹಿಂದೆ ಹೆಂಡತಿ, ಎಲ್ಲರಿಗಿಂತ ಕೊನೆಯವಳು, ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈಯಿಂದ ಅವನ ಅಂಗಿಯ ಕಾಲರನ್ನು ಹಿಂದಿನಿಂದ ಮುಷ್ಟಿ ಕಟ್ಟಿ ಹಿಡಿದಿದ್ದಳು. ಮೇಲೆ ಜನ ಗೊಣಗುತ್ತಿದ್ದರು, ಎಷ್ಟು ಹೊತ್ತು ರೀ, ಬಸ್ಸು ತಪ್ಪಿಹೋಗುತ್ತೆ ಎಂದು ಯಾರೋ ಕೂಗಿದರು. ಅವನು ಅದನ್ನೆಲ್ಲ ಕೇಳಿಸಿಕೊಂಡ, ಕೇಳಿಸಿಕೊಳ್ಳುತ್ತಲೇ ನಿಧಾನವಾಗಿ ಇಳಿದ. ಒಂದು ತಿರುವಿನಲ್ಲಿ ಆ ಪುಟ್ಟ ಶೂ ಬಿದ್ದಿತ್ತು. ಗಿಣಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಕಾಲರಿನ ಹಿಡಿತ ಗಂಟಲನ್ನು ಒತ್ತುತ್ತಿತ್ತು. ಅದು ಬೀಳದಂತೆ ಹಿಡಿದದ್ದೋ, ಕೊರಳಪಟ್ಟಿ ಹಿಡಿದು ಕೇಳಿದ್ದೋ, ಕೆಳಗಿನ ಅಂಗಳದ ಬಿಸಿಲಿಗೆ ಬರುವವರೆಗೂ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಅವಳು ಬಿಟ್ಟ ಮೇಲೂ ಆ ಮುಷ್ಟಿ ಅಲ್ಲೇ ಇತ್ತು.

ಬಾಗಿಲಿನ ಹೆಂಗಸು ಇಲ್ಲಿಗೆ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸೋಮವಾರ ಏನಾಯಿತು ಎಂದು ಒಬ್ಬರು ಕೇಳಿದರು. ಸೋಮವಾರ ಸೈಟಿಗೆ ಹೋದ, ಏಣಿಯ ಬುಡದಲ್ಲಿ ನಿಂತು ಎಲ್ಲರೆದುರಿಗೆ ಮೇಸ್ತ್ರಿಗೆ ಹೇಳಿದ, ಹತ್ತಲಿಲ್ಲ ಎಂದಳು. ಆಮೇಲೆ? ಆಮೇಲೆ ಎಂದರೆ, ಕೆಲಸ ಏನು ಕೊಟ್ಟರೋ ತಾನು ಕೇಳಲಿಲ್ಲ. ಗಿಣಿ ಮಾತ್ರ ಈಗ ಬೇರೆ ಯಾರದೋ ಕ್ರೇನಿನ ಕೆಳಗೆ ನಿಲ್ಲುತ್ತಾನಂತೆ. ಹೆಂಡತಿ? ಅವಳು ನಕ್ಕು, "ಅದನ್ನ ಅವನೂ ಹೇಳಲಿಲ್ಲ, ತಮ್ಮನೂ ಹೇಳಲಿಲ್ಲ. ಸೇರಿಸೋಕೆ ನನಗೆ ಮನಸ್ಸು ಬರಲಿಲ್ಲ" ಎಂದಳು. ಹೊರಗೆ ಗಾಳಿ ಇಳಿದಿರಲಿಲ್ಲ. ಮುದುಕ ಬಾಗಿಲಲ್ಲಿ ತಲೆ ಹಾಕಿ, ಇವತ್ತು ಬಿಡೋದಿಲ್ಲ ಎಂದು ಸಾರಿದ. ಕೇಳುತ್ತಿದ್ದವರು ಎದ್ದರು, ಚೀಲಗಳನ್ನು ಹೆಗಲಿಗೇರಿಸಿದರು. ಅಂಗಳದಲ್ಲಿ ಒಂದಿಬ್ಬರು ಬುರುಜಿನ ತುದಿಯತ್ತ ಒಮ್ಮೆ ತಲೆಯೆತ್ತಿ ನೋಡಿದರು. ಆಮೇಲೆ ಗಾಳಿಗೆ ತಲೆ ತಗ್ಗಿಸಿಕೊಂಡು, ಓಣಿಗಳ ಇಳಿಜಾರಿನಲ್ಲಿ, ತಮ್ಮ ತಮ್ಮ ಮನೆಗಳಿಗೆ ಹೋದರು.